ಮನೆಯೂ ಬಿಡಾರವೂ

ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಯನನ್ನು ಕೇಳಿದ ಪ್ರಶ್ನೆಗಳಲ್ಲಿ ಸುಖಿಯಾರು ಎಂಬುದೂ ಒಂದು. ಋಣವಿಲ್ಲದವನಾಗಿ, ಪರಸ್ಥಳವಾಸವಿಲ್ಲದವನಾಗಿ, ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿ ಸೊಪ್ಪುಸದೆಯನ್ನು ಬೇಯಿಸಿಕೊಂಡು ಉಣ್ಣುವವನೇ ಸುಖಿಯೆಂದು ಧರ್ಮರಾಯನು ಉತ್ತರವಿತ್ತನೆಂಬುದು ಪ್ರಸಿದ್ಧವಾಗಿದೆ. ಈ ಉತ್ತರವನ್ನು ಕೊಡುವ ಕಾಲಕ್ಕೆ ಆತನು ಹನ್ನೆರಡು ವರ್ಷಗಳ ಅರಣ್ಯವಾಸವನ್ನು ಮುಗಿಸುವುದರಲ್ಲಿದ್ದನೆಂಬುದನ್ನು ಓದುವವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಮನೆಯ ಬೆಲೆಯನ್ನು ಅವನು ಶಾಸ್ತ್ರದಿಂದ ತಿಳಿದವನಲ್ಲ, ಕಳೆದುಕೊಂಡು ತಿಳಿದವನು.

ಆ ಉತ್ತರದಲ್ಲಿ ಸ್ವಗೃಹವಾಸವೂ ಪ್ರವಾಸವೂ ಒಂದಕ್ಕೊಂದು ವಿರುದ್ಧವೆಂಬ ಭಾವನೆಯು ಅಡಗಿದೆ. ಮನೆಯಲ್ಲಿರುವವನು ಪ್ರವಾಸಿಯಲ್ಲ, ಪ್ರವಾಸಿಯಾದವನು ಮನೆಯಲ್ಲಿಲ್ಲ. ಇದರಲ್ಲಿ ಸಂದೇಹಕ್ಕೆ ಆಸ್ಪದವೇ ಇಲ್ಲವೆಂದು ಯಕ್ಷನೂ ತಿಳಿದಿದ್ದನು. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ವಿರೋಧವನ್ನು ತೊಡೆದುಹಾಕಿದ ಗೃಹಸ್ಥರ ವರ್ಗವೊಂದುಂಟು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೆಲವು ವೇಳೆ ಒಬ್ಬ ಅಜ್ಜಿ, ಬಹುಮಟ್ಟಿಗೆ ಒಂದು ನಾಯಿ, ಇಷ್ಟು ಜನರು ಮನೆಯನ್ನೇ ಚಕ್ರದ ಮೇಲೇರಿಸಿಕೊಂಡು ಮೂರು ತಿಂಗಳೋ ಒಂದು ವರ್ಷವೋ ದೇಶವನ್ನು ಸುತ್ತುತ್ತಾರೆ. ಮಕ್ಕಳ ಪಾಠವೂ ದಾರಿಯಲ್ಲಿಯೇ ನಡೆಯುತ್ತದೆ. ಇಂದು ಮರುಭೂಮಿಯ ಅಂಚು, ಮುಂದಿನ ವಾರ ಹಿಮದ ಬೆಟ್ಟದ ಬುಡ. ಎಲ್ಲಿದ್ದರೂ ತಮ್ಮದೇ ಒಲೆ, ತಮ್ಮದೇ ಹಾಸಿಗೆ. ಧರ್ಮರಾಯನ ಮಾತಿನಂತೆ ಇವರು ಸುಖಿಗಳೇ, ಅಲ್ಲವೇ? ಸೊಪ್ಪನ್ನು ಬೇಯಿಸುವುದು ಸ್ವಗೃಹದಲ್ಲಿಯೇ ಸರಿ, ಪರಸ್ಥಳದಲ್ಲಿರುವುದೂ ಸರಿ. ಗಾಡಿಯನ್ನು ಸಾಲ ಮಾಡಿ ಕೊಂಡಿದ್ದರೆ ಋಣದ ನಿಬಂಧನೆಯೂ ಕೆಟ್ಟಿತು. ಒಟ್ಟಿನಲ್ಲಿ ಯಕ್ಷನಿಗೂ ತೊಡಕಾಗುವಂಥ ಪ್ರಸಂಗವಿದು.

ಈ ವಾಹನಕ್ಕೆ ಆ ದೇಶದವರು ಆರ್.ವಿ. ಎಂಬ ಎರಡಕ್ಷರದ ಹೆಸರನ್ನಿಟ್ಟಿದ್ದಾರೆ; ವಿನೋದಾರ್ಥವಾದ ವಾಹನವೆಂದು ಅದರ ಅಭಿಪ್ರಾಯ. ಕೆಲವು ಮೋಟಾರಿನ ಹಿಂದೆ ಕಟ್ಟಿ ಎಳೆಯತಕ್ಕವು. ಕೆಲವು ತಾವೇ ಮೋಟಾರುಗಳು, ದೊಡ್ಡವು 30 ಅಡಿಯಿಂದ 40 ಅಡಿಯವರೆಗೂ ಉದ್ದವಾದವು. ವಾಲಿ ಬಯಾಮನೆಂಬವನು 1936ರಲ್ಲಿ ಅಲ್ಯುಮಿನಿಯಮ್ಮಿನ ಹೊಳೆಯುವ ಹೊದಿಕೆಯುಳ್ಳ ಏರ್‌ಸ್ಟ್ರೀಮ್ ಎಂಬ ಎಳೆಗಾಡಿಯನ್ನು ಮಾರಾಟಕ್ಕಿಟ್ಟನು; 1959ರಲ್ಲಿ ಅಂಥ ಗಾಡಿಗಳ ಒಂದು ಸಾಲನ್ನೇ ಕೂಡಿಸಿಕೊಂಡು ಆಫ್ರಿಕದ ಕೇಪ್‌ಟೌನಿನಿಂದ ಕೈರೋವಿಗೆ ಹೊರಟನು. 1956ರ ಹೆದ್ದಾರಿ ಶಾಸನವಾದ ಮೇಲೆ ದಾರಿಗಳು ಅಗಲವಾದವು. 1962ರಲ್ಲಿ ಮೊಂಟಾನಾ ಪ್ರಾಂತದ ಬಿಲ್ಲಿಂಗ್ಸ್ ಪಟ್ಟಣದಲ್ಲಿ ಹಣ ತೆತ್ತು ತಂಗುವ ಬಿಡಾರಗಳ ಒಂದು ದೊಡ್ಡ ಸಂಸ್ಥೆಯು ಹುಟ್ಟಿತು. 1966ರಿಂದ ಅಯೊವಾ ಪ್ರಾಂತದ ವಿನ್ನಿಬಾಗೊ ಕಾರ್ಖಾನೆಯವರು ಮೋಟಾರು ಮನೆಗಳನ್ನು ಮಧ್ಯಮವರ್ಗದ ಕೈಗೆ ನಿಲುಕುವಂತೆ ಮಾಡಿದರು. ಚರಿತ್ರೆಗೆ ಇಷ್ಟು ಸಾಕು.

ಯಕ್ಷನ ಇನ್ನೊಂದು ಪ್ರಶ್ನೆಯು ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಪ್ರವಾಸಿಗೆ ಮಿತ್ರನಾರು, ಮನೆಯಲ್ಲಿರುವವನಿಗೆ ಮಿತ್ರನಾರು ಎಂದು ಅವನು ಕೇಳುತ್ತಾನೆ. ಪ್ರವಾಸಿಗೆ ಸಾರ್ಥವೇ ಮಿತ್ರ, ಗೃಹದಲ್ಲಿರುವವನಿಗೆ ಭಾರ್ಯೆಯೇ ಮಿತ್ರ ಎಂಬುದು ಉತ್ತರ. ಸಾರ್ಥವೆಂದರೆ ದಾರಿಯಲ್ಲಿ ಕೂಡಿಕೊಂಡು ನಡೆಯುವ ವರ್ತಕರ ಗುಂಪು. ಕಳ್ಳಕಾಕರ ಭಯದಿಂದಲೂ ಕಾಡುಮೃಗಗಳ ಭಯದಿಂದಲೂ ಒಬ್ಬರಿಗೊಬ್ಬರು ಆಸರೆಯಾಗಿ ಹೋಗತಕ್ಕವರು. ಅಪರಿಚಿತರನ್ನು ಮಿತ್ರರನ್ನಾಗಿ ಮಾಡಿಕೊಳ್ಳದೆ ಹಿಂದಿನ ಕಾಲದಲ್ಲಿ ಪ್ರಯಾಣವೇ ಸಾಧ್ಯವಿರಲಿಲ್ಲ. ಮನೆಯನ್ನು ಕೊಂಡೊಯ್ಯುವವನಿಗೆ ಈ ಕಷ್ಟವಿಲ್ಲ. ಪ್ರವಾಸದಲ್ಲಿಯೂ ಅವನಿಗೆ ಭಾರ್ಯೆಯೇ ಮಿತ್ರಳು, ಸಾರ್ಥದ ಅಗತ್ಯವಿಲ್ಲ. ಇದು ಲಾಭವೋ ನಷ್ಟವೋ ಎಂಬುದೇ ವಿಚಾರಣೀಯವಾದ ವಿಷಯ.

ನಷ್ಟವೆನ್ನುವವರ ಮಾತಿನಲ್ಲಿ ಬಲವಿದೆ. ಅತಿಥಿಯೆಂದರೆ ಒಂದು ರಾತ್ರಿ ಮಾತ್ರ ತಂಗುವವನೆಂದೂ, ಅವನ ಇರವು ನಿತ್ಯವಲ್ಲದ್ದರಿಂದಲೇ ಅವನಿಗೆ ಆ ಹೆಸರೆಂದೂ ಮನುವು ಹೇಳುತ್ತಾನೆ. ಪರಸ್ಥಳಕ್ಕೆ ಹೋದವನು ಇನ್ನೊಬ್ಬರ ಬಾಗಿಲಲ್ಲಿ ನಿಂತು ನೀರು ಕೇಳಬೇಕು. ಬೇರೆಯವರ ರುಚಿಯ ಅನ್ನವನ್ನು ಉಣ್ಣಬೇಕು. ತನ್ನ ಕ್ರಮವೊಂದೇ ಕ್ರಮವಲ್ಲವೆಂಬುದನ್ನು ನಾಲಗೆಯಿಂದಲೂ ಬೆನ್ನಿನಿಂದಲೂ ಕಲಿಯಬೇಕು. ಯಾಚಿಸುವವನ ಸಂಕೋಚವೂ ನೀಡುವವನ ಪುಣ್ಯವೂ ಅಲ್ಲಿ ಒಂದೇ ಹೊಸ್ತಿಲಿನ ಮೇಲೆ ಸಂಧಿಸುತ್ತವೆ. ಮನೆಯನ್ನೇ ಹೊತ್ತು ತಂದವನು ಯಾರಿಗೂ ಅತಿಥಿಯಾಗುವುದಿಲ್ಲ. ಸಾವಿರಾರು ಮೈಲಿ ಸುತ್ತಿಯೂ ಒಂದು ಪರಕೀಯ ಹೊಸ್ತಿಲನ್ನಾದರೂ ದಾಟದೆ ಅವನು ಹಿಂದಿರುಗಬಹುದು. ಆಮೆಯೂ ಚಿಪ್ಪಿನೊಡನೆ ದೂರ ಹೋಗುತ್ತದೆ. ಅದು ದೇಶವನ್ನು ಕಂಡಿತೆಂದು ಯಾರೂ ಹೇಳುವುದಿಲ್ಲ.

ಆದರೆ ಈ ವಾದವನ್ನು ಪೂರ್ತಿಯಾಗಿ ಒಪ್ಪುವುದಕ್ಕೆ ಬಿಡಾರಗಳ ಸ್ವರೂಪವು ಅಡ್ಡಬರುತ್ತದೆ. ಅಮೆರಿಕದ ರಾಷ್ಟ್ರೀಯ ವನಗಳಲ್ಲಿ ಈ ಪ್ರವಾಸಿಗಳಿಗಾಗಿ ಗುರುತು ಮಾಡಿದ ಠಾವುಗಳುಂಟು. ಒಂದು ಬಳಸುದಾರಿ, ಅದರ ಪಕ್ಕಕ್ಕೆ ಕವಲೊಡೆದ ಸಣ್ಣ ಸಣ್ಣ ನಿಲುಗಡೆಗಳು, ಪ್ರತಿಯೊಂದಕ್ಕೂ ಒಂದು ಮರದ ಮೇಜು, ಒಂದು ಅಗ್ಗಿಷ್ಟಿಕೆಯ ಕುಣಿ. ಈ ವ್ಯವಸ್ಥೆಗೆ ಕಾರಣನಾದವನು ಶಿಲ್ಪಿಯಲ್ಲ, ವೃಕ್ಷರೋಗಗಳ ಪಂಡಿತನಾದ ಮೈನೆಕೆ ಎಂಬವನು. ಮೊದಮೊದಲು ಜನರು ಮೋಟಾರನ್ನು ಮನಬಂದ ಮರದ ಕೆಳಗೆ ನುಗ್ಗಿಸಿ ಬಿಡಾರ ಹೂಡುತ್ತಿದ್ದರು. ಚಕ್ರಗಳ ಮತ್ತು ಕಾಲ್ತುಳಿತದ ಭಾರದಿಂದ ಮಣ್ಣು ಬಿಗಿದು, ಬೇರುಗಳಿಗೆ ಗಾಳಿಯೂ ನೀರೂ ಇಳಿಯದೆ, ಯಾವ ಮರಗಳ ನೆರಳಿಗಾಗಿ ಜನರು ಬರುತ್ತಿದ್ದರೋ ಆ ಮರಗಳೇ ಸಾಯತೊಡಗಿದವು. ಕ್ಯಾಲಿಫೋರ್ನಿಯದ ಕೆಂಪುಮರಗಳ ತೋಪುಗಳಲ್ಲಿ ಇದನ್ನು ಕಂಡು ಆತನು 1932ರಲ್ಲಿ ಬಿಡಾರಗಳಿಗೆ ಒಂದು ಕ್ರಮವನ್ನು ಬರೆದುಕೊಟ್ಟನು: ಗಾಡಿಯು ನಿಲ್ಲಬೇಕಾದ ಸ್ಥಳವನ್ನು ಬಂಡೆಗಳಿಂದ ಕಟ್ಟುಮಾಡತಕ್ಕದ್ದು, ದಾರಿಯು ಏಕಮುಖವಾಗಿರತಕ್ಕದ್ದು. ಪ್ರೀತಿಸುವವರಿಂದ ಪ್ರೀತಿಪಾತ್ರವಾದದ್ದನ್ನು ಕಾಪಾಡುವುದಕ್ಕೆ ಬೇಲಿಯು ಬೇಕಾಯಿತೆಂಬುದು ವೇದಾಂತಿಗಳೂ ಯೋಚಿಸತಕ್ಕ ಸಂಗತಿ.

ಇಂಥ ಬಿಡಾರದಲ್ಲಿ ಸಂಜೆಯಾಯಿತೆಂದರೆ ಒಂದು ಬಗೆಯ ಸಾರ್ಥವು ತಾನಾಗಿಯೇ ಕೂಡುತ್ತದೆ. ಹಿಂದೆ ಹಿಂದೆ ಗಾಡಿಯನ್ನು ಸೇರಿಸಲಾರದೆ ತಿಣುಕುವವನಿಗೆ ಪಕ್ಕದವನು ಕೈಸನ್ನೆ ಮಾಡಿ ದಾರಿ ತೋರಿಸುತ್ತಾನೆ. ಕೊಳವೆ ಮರೆತವನಿಗೆ ಕೊಳವೆ, ಸೌದೆ ಇಲ್ಲದವನಿಗೆ ಸೌದೆ. ಮಕ್ಕಳು ಹೆಸರು ಕೇಳುವ ಮೊದಲೇ ಆಟಕ್ಕೆ ತೊಡಗುತ್ತವೆ. ರಾತ್ರಿ ಹತ್ತು ಗಂಟೆಯಾದ ಮೇಲೆ ಸದ್ದು ಮಾಡಕೂಡದೆಂಬ ನಿಯಮಕ್ಕೆ ಅಷ್ಟು ಜನರೂ ತಲೆಬಾಗುತ್ತಾರೆ. ಬೆಳಗಾದರೆ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಈ ಸ್ನೇಹವು ತೆಳುವಾದದ್ದೆಂದು ಹಳಿಯಬಹುದು. ಆದರೆ ಹಿಂದಿನ ಛತ್ರಗಳ ಸ್ನೇಹವೂ ಇದಕ್ಕಿಂತ ದಪ್ಪವಾಗಿದ್ದಿತೆಂದು ಪ್ರಮಾಣ ಮಾಡಿ ಹೇಳುವವರಾರು?

ಮನೆಯೊಳಗಣ ಮಾತು ಇದಕ್ಕಿಂತ ಸ್ವಾರಸ್ಯವಾದದ್ದು. ಅಮೆರಿಕದ ಒಂದು ಕುಟುಂಬವು ಸ್ಥಿರವಾದ ಮನೆಯಲ್ಲಿದ್ದಾಗ ಸರಾಸರಿ ದಿನಕ್ಕೆ 300 ಗ್ಯಾಲನ್ನಿಗೂ ಮಿಗಿಲಾಗಿ, ಎಂದರೆ 1,100 ಲೀಟರಿಗೂ ಹೆಚ್ಚಾಗಿ, ನೀರನ್ನು ಬಳಸುತ್ತದೆಂದು ಆ ದೇಶದ ಸರ್ಕಾರದ ಲೆಕ್ಕ. ಆರ್.ವಿ.ಯ ನೀರಿನ ತೊಟ್ಟಿಯಲ್ಲಿ ಅನೇಕ ವೇಳೆ ಅದರ ಕಾಲು ಭಾಗವೂ ಹಿಡಿಯುವುದಿಲ್ಲ. ಅದರಲ್ಲಿಯೇ ಕೆಲವು ದಿನಗಳನ್ನು ಕಳೆಯಬೇಕು. ಮೈಗೆ ಸಾಬೂನು ಹಚ್ಚುವಾಗ ನಲ್ಲಿಯನ್ನು ನಿಲ್ಲಿಸುವುದನ್ನು ಅಲ್ಲಿನ ಬಾಲಕನು ಮೊದಲ ಬಾರಿಗೆ ಕಲಿಯುತ್ತಾನೆ. ಹೊರಹೋಗುವ ನೀರಿಗೂ ಎರಡು ತೊಟ್ಟಿಗಳಿವೆ: ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ ಬೂದು ತೊಟ್ಟಿ, ಶೌಚಕ್ಕೆ ಕಪ್ಪು ತೊಟ್ಟಿ. ಇವು ತುಂಬಿದಾಗ ಮನೆಯ ಯಜಮಾನನು ತಾನೇ ಕೈಗವಸು ತೊಟ್ಟು, ದಪ್ಪ ಕೊಳವೆಯನ್ನು ಜೋಡಿಸಿ, ನಿಯಮಿತವಾದ ಗುಂಡಿಗೆ ಬಿಡತಕ್ಕದ್ದು. ಮೊದಲು ಕಪ್ಪು ತೊಟ್ಟಿ, ಆಮೇಲೆ ಬೂದು ತೊಟ್ಟಿ, ಏಕೆಂದರೆ ಎರಡನೆಯದರ ನೀರಿನಿಂದ ಕೊಳವೆಯು ತೊಳೆದುಹೋಗುತ್ತದೆ. ಊರಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದವನಾದರೂ ಈ ಕೆಲಸ ತಪ್ಪಿದ್ದಲ್ಲ. ಸ್ಥಿರಗೃಹದಲ್ಲಿ ಮನುಷ್ಯನು ವಿಸರ್ಜಿಸಿದ್ದು ಕಣ್ಣಿಗೆ ಮರೆಯಾಗಿ ಎಲ್ಲಿಗೋ ಹೋಗುತ್ತದೆ. ಅದನ್ನು ಹೊರುವವರು ಯಾರೆಂದು ಅವನು ಕೇಳುವುದೇ ಇಲ್ಲ. ಭಾರತದಲ್ಲಿ ಆ ಪ್ರಶ್ನೆಯನ್ನು ಕೇಳದೆ ಎಷ್ಟು ತಲೆಮಾರುಗಳು ಕಳೆದವೆಂಬುದನ್ನು ನೆನೆದರೆ, ಈ ಗಾಡಿಯ ಕಪ್ಪು ತೊಟ್ಟಿಯು ಒಳ್ಳೆಯ ಉಪಾಧ್ಯಾಯನೆಂದೇ ಹೇಳಬೇಕು.

ಮಕ್ಕಳು ಉದ್ಯೋಗನಿಮಿತ್ತವಾಗಿ ಅಮೆರಿಕದಲ್ಲಿ ನೆಲಸಿರುವ ಕನ್ನಡ ಮನೆತನಗಳ ವೃದ್ಧರೂ ಬೇಸಗೆಯಲ್ಲಿ ಅಲ್ಲಿಗೆ ಹೋದಾಗ ಹೀಗೆ ಬಾಡಿಗೆಯ ಗಾಡಿಯಲ್ಲಿ ಎರಡು ಮೂರು ವಾರ ಸುತ್ತುವುದುಂಟು. ಒಲೆಗೂ ಶೌಚದ ಕೋಣೆಗೂ ಎರಡೇ ಹೆಜ್ಜೆಯ ಅಂತರವೆಂಬುದನ್ನು ಕಂಡು ಮಡಿಯ ಅಭ್ಯಾಸವುಳ್ಳ ಅಜ್ಜಿಯು ಮೊದಲ ದಿನ ಅವಲಕ್ಕಿ ಮೊಸರಿನಲ್ಲಿಯೇ ಕಳೆಯುತ್ತಾಳೆ. ಮೂರನೆಯ ದಿನಕ್ಕೆ ತಾನೇ ಎದ್ದು ತಿಳಿಸಾರಿಗೆ ಒಗ್ಗರಣೆ ಹಾಕುತ್ತಾಳೆ. ಆಕೆಗೆ ಬೆಟ್ಟಗಳೂ ಬಿಸಿನೀರಿನ ಬುಗ್ಗೆಗಳೂ ದೊಡ್ಡವಲ್ಲ. ಮಗನ ಊರಿನ ದೊಡ್ಡ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯ ಬಾಗಿಲು ಹಾಕಿಕೊಂಡಿರುವರು. ಹಗಲೆಲ್ಲ ಮುಖ ಕಾಣುವುದೇ ಅಪರೂಪ. ಇಲ್ಲಿ ಕೈಚಾಚಿದರೆ ಮಗನಿದ್ದಾನೆ, ಕಾಲು ಚಾಚಿದರೆ ಮೊಮ್ಮಗಳಿದ್ದಾಳೆ. ಗೃಹವೆಂದರೆ ಗೋಡೆಯಲ್ಲ, ಗೃಹಿಣಿಯೇ ಗೃಹವೆಂದು ಹಿಂದಿನವರು ಹೇಳಿದರು. ಗೋಡೆಗಳು ಕಿರಿದಾದಷ್ಟೂ ಗೃಹವು ಹಿರಿದಾಗುವುದೆಂಬುದನ್ನು ಅವರು ಹೇಳಲಿಲ್ಲ. ಹೇಳಿದ್ದರೂ ಅದು ಮೂರು ವಾರಗಳ ಮಟ್ಟಿಗೇ ನಿಜವಾಗಿರಬಹುದು. ಇಷ್ಟು ಸಣ್ಣ ಜಾಗದಲ್ಲಿ ಜಗಳವೂ ಬೇಗ ಹುಟ್ಟುತ್ತದೆ, ಹುಟ್ಟಿದ ಜಗಳಕ್ಕೆ ಹೋಗುವುದಕ್ಕೆ ಸ್ಥಳವೂ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸ್ವೇಚ್ಛೆಯಿಂದ ಹೊರಟವರ ವಿಚಾರ. ನಿಜವಾದ ತೊಡಕು ಮುಂದಿದೆ. ಸಂಸಾರದ ಜಂಜಡವನ್ನು ಬಿಟ್ಟು ಬಂದೆವು, ವಸ್ತುಗಳ ಬಂಧನವನ್ನು ಕಳಚಿದೆವು, ಸ್ವತಂತ್ರರಾದೆವು ಎಂದು ಈ ಪ್ರವಾಸಿಗಳಲ್ಲಿ ಅನೇಕರು ಹೇಳಿಕೊಳ್ಳುತ್ತಾರೆ. ಇದು ಹಳೆಯ ಮಾತೇ. 1915ರ ಸುಮಾರಿನಿಂದ 1924ರವರೆಗೆ ಎಡಿಸನ್, ಫೋರ್ಡ್, ಫೈರ್‌ಸ್ಟೋನ್ ಎಂಬ ಮೂವರು ಕೋಟ್ಯಧೀಶರು ಬೇಸಗೆಯಲ್ಲಿ ಮೋಟಾರುಗಳನ್ನೇರಿ ಕಾಡುಗಳಲ್ಲಿ ಬಿಡಾರ ಹೂಡುತ್ತಿದ್ದರು. ಪ್ರಕೃತಿಯ ವಿಷಯವಾಗಿ ಬರೆಯುತ್ತಿದ್ದ ಬರೋಸ್ ಎಂಬ ವೃದ್ಧನೂ 1921ರಲ್ಲಿ ತಾನು ತೀರಿಕೊಳ್ಳುವ ಮುನ್ನ ಕೆಲವು ಸಲ ಜೊತೆಗಿದ್ದನು. ಅವರು ತಮ್ಮನ್ನು ಅಲೆಮಾರಿಗಳೆಂದು ಕರೆದುಕೊಂಡರು. ಆ ಅಲೆಮಾರಿಗಳ ಹಿಂದೆ ಅಡಿಗೆಯವರು ಬರುತ್ತಿದ್ದರು, ಅಡಿಗೆಯ ಬಂಡಿ ಬರುತ್ತಿತ್ತು, ಡೇರೆಗಳಿಗೆ ವಿದ್ಯುದ್ದೀಪಗಳಿದ್ದವು. 1921ರಲ್ಲಿ ರಾಷ್ಟ್ರಾಧ್ಯಕ್ಷನಾದ ಹಾರ್ಡಿಂಗನೂ ಬಂದು ಅವರ ಬಿಡಾರದಲ್ಲಿ ಸೇರಿದನು. ಅದೇ ಕಾಲದಲ್ಲಿ ಊರೂರುಗಳವರು ಮೋಟಾರು ಪ್ರವಾಸಿಗಳಿಗೆ ಧರ್ಮಾರ್ಥವಾಗಿ ಬಯಲುಗಳನ್ನು ಬಿಟ್ಟುಕೊಟ್ಟಿದ್ದರು. ಅಂಗಡಿಗಳಲ್ಲಿ ವ್ಯಾಪಾರ ಬೆಳೆಯುವುದೆಂಬ ಆಸೆ. ಆದರೆ ಹಳೆಯ ಮೋಟಾರುಗಳಲ್ಲಿ ಕೆಲಸ ಹುಡುಕಿಕೊಂಡು ಹೊರಟ ಬಡವರೂ ಅಲ್ಲಿಯೇ ತಂಗತೊಡಗಿದಾಗ, ಅವರನ್ನು ಸೋಸಿ ತೆಗೆಯುವುದಕ್ಕಾಗಿಯೇ ಸಣ್ಣದೊಂದು ಶುಲ್ಕವನ್ನು ಗೊತ್ತುಮಾಡಿದರು. ಕೋಟ್ಯಧೀಶನು ಅಲೆದರೆ ವಿನೋದ, ಬಡವನು ಅಲೆದರೆ ಅಪರಾಧ. ವ್ಯತ್ಯಾಸವು ಬಿಡಾರದ ಬಾಗಿಲಲ್ಲಿ ಇಟ್ಟ ಕಾಸಿನ ಪೆಟ್ಟಿಗೆಯಷ್ಟೇ.

2008ರ ಆರ್ಥಿಕ ಸಂಕಟದಲ್ಲಿ ಮನೆಗಳನ್ನೂ ಉಳಿತಾಯವನ್ನೂ ಕಳೆದುಕೊಂಡ ಅಮೆರಿಕದವರಲ್ಲಿ, ಅದರಲ್ಲಿಯೂ ಅರುವತ್ತು ದಾಟಿದವರಲ್ಲಿ, ಕೆಲವರು ಹಳೆಯ ಆರ್.ವಿ.ಗಳನ್ನೋ ಮುಚ್ಚುಗಾಡಿಗಳನ್ನೋ ಕೊಂಡು ಅವುಗಳಲ್ಲಿಯೇ ವಾಸಮಾಡತೊಡಗಿದರು. ಜೆಸ್ಸಿಕಾ ಬ್ರೂಡರ್ ಎಂಬ ಲೇಖಕಿಯು ಇವರೊಡನೆ ಸುತ್ತಾಡಿ 2017ರಲ್ಲಿ ನೋಮ್ಯಾಡ್‌ಲ್ಯಾಂಡ್ ಎಂಬ ಗ್ರಂಥವನ್ನು ಪ್ರಕಟಿಸಿದಳು. ಅದನ್ನಾಧರಿಸಿದ ಚಲಚ್ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಹುಮಾನವೂ ಬಂದಿತು. ಇವರು ಶರತ್ಕಾಲದಲ್ಲಿ ಉತ್ತರ ಡಕೋಟಾ ಪ್ರಾಂತದ ಬೀಟ್ ಗೆಡ್ಡೆಯ ಸುಗ್ಗಿಗೆ ಹೋಗುತ್ತಾರೆ. ಹಬ್ಬದ ದಿನಗಳಲ್ಲಿ ದೊಡ್ಡ ವರ್ತಕರ ಉಗ್ರಾಣಗಳಲ್ಲಿ ಗಂಟುಗಳನ್ನು ಸಾಗಿಸುತ್ತಾರೆ. ಬೇಸಗೆಯಲ್ಲಿ ಬಿಡಾರಗಳ ಪಾರುಪತ್ಯವನ್ನು ನೋಡಿಕೊಳ್ಳುತ್ತಾರೆ. ಎಂದರೆ, ವಿನೋದಕ್ಕೆ ಬಂದ ಕುಟುಂಬವು ಬಿಟ್ಟುಹೋದ ಬೂದಿಯನ್ನು ತೋಡಿ ಶೌಚಗೃಹವನ್ನು ತೊಳೆಯುವ ಎಪ್ಪತ್ತು ವರ್ಷದ ಹೆಂಗಸೂ ಆರ್.ವಿ.ಯಲ್ಲಿಯೇ ವಾಸಮಾಡುವವಳಾಗಿರಬಹುದು. ಎರಡು ಗಾಡಿಗಳೂ ಒಂದೇ ಮರದ ಕೆಳಗಿವೆ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವು.

ಈ ಎರಡಕ್ಕೂ ಭೇದವೆಲ್ಲಿ? ಹಣದಲ್ಲಿ ಎಂದರೆ ಉತ್ತರವು ಅರ್ಧವಾಯಿತು. ಒಬ್ಬರಿಗೆ ಹಿಂದಿರುಗುವುದಕ್ಕೆ ಒಂದು ಸ್ಥಳವಿದೆ, ಇನ್ನೊಬ್ಬರಿಗೆ ಇಲ್ಲ. ಸಂಯುಕ್ತ ಸಂಸ್ಥಾನದ ಸರ್ಕಾರಿ ಬಯಲುಭೂಮಿಗಳಲ್ಲಿ ಹೆಚ್ಚಿನ ಕಡೆ ಒಂದೇ ಠಾವಿನಲ್ಲಿ 14 ದಿನಗಳಿಗಿಂತ ಹೆಚ್ಚಾಗಿ ಇರಕೂಡದೆಂದು ನಿಯಮವುಂಟು. ಹಳ್ಳಿಯಲ್ಲಿ ಒಂದೇ ರಾತ್ರಿ ಇರತಕ್ಕದ್ದೆಂದು ಸ್ಮೃತಿಗಳು ಪರಿವ್ರಾಜಕನಿಗೂ ವಿಧಿಸಿವೆ. ಅಲ್ಲಿ ಸ್ಥಳದ ಮೇಲೆ ಮಮತೆಯು ಬೇರೂರದಿರಲೆಂದು ನಿಯಮ. ಇಲ್ಲಿ ಮನುಷ್ಯನೇ ಬೇರೂರದಿರಲೆಂದು ನಿಯಮ. ವಿನೋದಿಗೆ ಹದಿನಾಲ್ಕು ದಿನವೆಂಬುದು ತಿಳಿಯುವುದೇ ಇಲ್ಲ; ಅಷ್ಟರಲ್ಲಿ ಅವನಿಗೆ ಬೇಸರವಾಗಿರುತ್ತದೆ. ಮನೆಗೆಟ್ಟವಳಿಗೆ ಅದು ಎರಡು ವಾರಕ್ಕೊಮ್ಮೆ ಬರುವ ಉಚ್ಚಾಟನೆ. ಕನ್ನಡದಲ್ಲಿ ಬೀಡು, ಬಿಡಾರ, ಬಿಡದಿ ಎಂಬ ಮಾತುಗಳೆಲ್ಲ ಬಿಡು ಎಂಬ ಧಾತುವಿಗೆ ಸಂಬಂಧಪಟ್ಟವು. ಹಳೆಯ ಶಾಸನಗಳಲ್ಲಿ ರಾಜಧಾನಿಗೆ ನೆಲೆವೀಡು ಎಂದು ಹೆಸರು. ಬೀಡಿಗೆ ನೆಲೆಯು ಸೇರಿದರೆ ಅದು ರಾಜರಿಗೂ ತಕ್ಕ ವಾಸಸ್ಥಾನ. ನೆಲೆಯು ತಪ್ಪಿದ ಬೀಡು ಏನೆಂಬುದಕ್ಕೆ ಭಾಷೆಯಲ್ಲಿ ಒಳ್ಳೆಯ ಮಾತಿಲ್ಲ.

ಹಾಗಾದರೆ ವಿನೋದಕ್ಕೆ ಹೊರಟ ಕುಟುಂಬವು ತಪ್ಪು ಮಾಡಿತೇ? ತಪ್ಪೆಂದು ಹೇಳುವುದು ಮತ್ಸರದ ಮಾತಾದೀತು. ದುಡಿದು ಕೂಡಿಸಿದ ಹಣದಿಂದ ಮಕ್ಕಳಿಗೆ ನಾಡನ್ನು ತೋರಿಸುವ ತಂದೆಯು ದೂಷ್ಯನಲ್ಲ; ದೊಡ್ಡ ಗಾಡಿಯು ಒಂದು ಗ್ಯಾಲನ್ ಎಣ್ಣೆಗೆ ಹತ್ತು ಮೈಲಿಯನ್ನೂ ಓಡದೆಂಬುದು ಬೇರೆಯ ದೋಷ, ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ತಪ್ಪಿರುವುದು ಮಾತಿನಲ್ಲಿ. ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಯನ್ನು ತ್ಯಜಿಸಿದೆನೆಂಬುದು ಅಸತ್ಯ. ಅನಿಕೇತನೆಂದು ಗೀತೆಯಲ್ಲಿ ಹೊಗಳಿಸಿಕೊಂಡವನು ಆರ್.ವಿ.ಯ ಯಜಮಾನನಲ್ಲ. ಒಲೆಯನ್ನು ಒಯ್ದವನು ಗೃಹಸ್ಥನೇ; ಸಂನ್ಯಾಸಿಗಿರುವ ವಿನಾಯಿತಿ ಅವನಿಗಿಲ್ಲ. ಎಲ್ಲ ಪ್ರಾಣಿಗಳೂ ವಾಯುವನ್ನು ಆಶ್ರಯಿಸಿರುವಂತೆ ಎಲ್ಲ ಆಶ್ರಮದವರೂ ಗೃಹಸ್ಥನನ್ನು ಆಶ್ರಯಿಸಿದ್ದಾರೆಂದು ಧರ್ಮಶಾಸ್ತ್ರವು ಹೇಳಿದ ಮೇಲೆ, ಒಲೆಯು ಎಲ್ಲಿಗೆ ಹೋಯಿತೋ ಅಲ್ಲಿಗೆ ಒಲೆಯ ಋಣವೂ ಹೋಯಿತು. ಬಂದವರಿಗೆ ಬಡಿಸತಕ್ಕದ್ದೆಂಬ ವಿಧಿಯು ಬಾಗಿಲು ನೆಲಕ್ಕೆ ಕಟ್ಟಿದ್ದೇ ಚಕ್ರಕ್ಕೆ ಕಟ್ಟಿದ್ದೇ ಎಂದು ನೋಡುವುದಿಲ್ಲ. ಅತಿಥಿಯಾಗುವ ಭಾಗ್ಯವನ್ನು ಕಳೆದುಕೊಂಡವನಿಗೆ ಆತಿಥೇಯನಾಗುವ ಭಾಗ್ಯವಾದರೂ ಉಳಿದಿದೆ: ಬೂದಿ ತೋಡಲು ಬಂದ ಮುದುಕಿಯನ್ನು ಹೆಸರು ಕೇಳಿ, ಮೇಜಿನ ಬಳಿ ಕೂಡಿಸಿ, ಒಂದು ಬಟ್ಟಲು ಕಾಫಿಯನ್ನು ಕೊಡುವುದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ. ಅನೇಕರು ಕೊಡುತ್ತಾರೆ. ಕೊಡದವರೂ ಕೆಟ್ಟವರಲ್ಲ, ಆಕೆಯೂ ತಮ್ಮಂತೆ ವಿನೋದಕ್ಕೆ ಬಂದವಳೆಂದು ಭಾವಿಸಿರುತ್ತಾರೆ.

ಈ ಬಿಡಾರಗಳ ನೆಲಕ್ಕೂ ಒಂದು ಹಿಂದಣ ಕಥೆಯುಂಟು. 1872ರಲ್ಲಿ ಸಂಯುಕ್ತ ಸಂಸ್ಥಾನದವರು ಯೆಲ್ಲೋಸ್ಟೋನ್ ಪ್ರದೇಶವನ್ನು ಜಗತ್ತಿನ ಮೊದಲ ರಾಷ್ಟ್ರೀಯ ವನವಾಗಿ ಮಾಡಿದರು. ಅಲ್ಲಿ ಬೆಟ್ಟದ ಕುರಿಗಳನ್ನು ಬೇಟೆಯಾಡಿಕೊಂಡು ಋತುವಿಗೊಂದು ಠಾವಿನಲ್ಲಿ ಬಿಡಾರ ಹೂಡುತ್ತಿದ್ದ ಶೋಶೋನಿ ಜನರನ್ನು ಕ್ರಮೇಣ ಹೊರಗೆ ಕಳುಹಿಸಿ, ಗೊತ್ತಾದ ಮೇರೆಗಳೊಳಗೆ ನೆಲೆನಿಲ್ಲಿಸಿದರು. ಐದು ವರ್ಷಗಳ ತರುವಾಯ, 1877ರ ಆಗಸ್ಟ್ ತಿಂಗಳಲ್ಲಿ, ನೆಜ್ ಪರ್ಸ್ ಎಂಬ ಜನಾಂಗದವರು ಸುಮಾರು 800 ಮಂದಿ, ಹೆಂಗಸರು ಮಕ್ಕಳು ಮುದುಕರೊಡನೆ, ಕುದುರೆಗಳ ದೊಡ್ಡ ಹಿಂಡನ್ನು ಹೊಡೆದುಕೊಂಡು ಆ ವನದೊಳಗೆ ಬಂದರು. ಅವರ ಪೈಕಿ ಜೋಸೆಫನೆಂಬ ನಾಯಕನ ಜನರು ಆರೆಗನ್ ಪ್ರಾಂತದ ವಲೋವಾ ಕಣಿವೆಯವರು. ಮೂವತ್ತು ದಿನಗಳೊಳಗೆ ಮನೆಗಳನ್ನು ಬಿಟ್ಟು ಹೊರಡಬೇಕೆಂದು ಅವರಿಗೆ ಆಜ್ಞೆಯಾಗಿತ್ತು. ಹಿಂದೆ ಸೈನ್ಯವು ಬೆನ್ನಟ್ಟುತ್ತಿತ್ತು. ಬಿಗ್ ಹೋಲ್ ಎಂಬಲ್ಲಿ ಬೆಳಗಿನ ಜಾವದ ಮುತ್ತಿಗೆಯಲ್ಲಿ ಅನೇಕ ಹೆಂಗಸರೂ ಮಕ್ಕಳೂ ಸತ್ತು ಎರಡು ವಾರವಾಗಿತ್ತು. ಅದೇ ಹೊತ್ತಿನಲ್ಲಿ ಬುಗ್ಗೆಗಳನ್ನು ನೋಡುವುದಕ್ಕೆ ಕುಟುಂಬಸಮೇತರಾಗಿ ಬಂದು ಬಿಡಾರ ಮಾಡಿದ್ದ ಪ್ರವಾಸಿಗಳು ಕೆಲವರು ಅವರ ಕೈಗೆ ಸಿಕ್ಕಿ ಸೆರೆಯಾದರು. ಒಂದೇ ಕಾಡು, ಒಂದೇ ವಾರ, ಎರಡು ಬಗೆಯ ಬಿಡಾರಗಳು. ಅಕ್ಟೋಬರಿನಲ್ಲಿ, ಕೆನಡದ ಎಲ್ಲೆಗೆ ಇನ್ನು 40 ಮೈಲಿಯಷ್ಟು ಉಳಿದಿರುವಾಗ, ಅವರು ಶರಣಾದರು. ಜೋಸೆಫನು ವಲೋವಾ ಕಣಿವೆಗೆ ಹಿಂದಿರುಗಿ ಬಾಳುವುದಕ್ಕೆ ಕೊನೆಯವರೆಗೂ ಅಪ್ಪಣೆಯನ್ನು ಬೇಡುತ್ತಿದ್ದನು. ಅಪ್ಪಣೆಯಾಗಲಿಲ್ಲ. 1904ರಲ್ಲಿ ಅವನು ವಾಷಿಂಗ್ಟನ್ ಪ್ರಾಂತದ ಕಾಲ್ವಿಲ್ ಎಂಬಲ್ಲಿ ತೀರಿಕೊಂಡನು.

ಆ ಜನರು ಯೆಲ್ಲೋಸ್ಟೋನ್ ನದಿಯನ್ನು ದಾಟಿದ ಸ್ಥಳಕ್ಕೆ ನೆಜ್ ಪರ್ಸ್ ಹಾಯಿಗಡವೆಂದು ಹೆಸರು. ಈಗ ಅಲ್ಲಿ ಊಟಕ್ಕೆ ಕುಳ್ಳಿರುವ ಮೇಜುಗಳನ್ನು ಹಾಕಿದ್ದಾರೆ. ದಕ್ಷಿಣಕ್ಕೆ ಕೆಲವೇ ಮೈಲಿಗಳ ಮೇಲೆ ಫಿಷಿಂಗ್ ಬ್ರಿಡ್ಜ್ ಎಂಬ ಬಿಡಾರವಿದೆ. ಆ ವನದಲ್ಲಿ ನೀರು, ವಿದ್ಯುತ್ತು, ಕೊಳೆನೀರಿನ ಕೊಳವೆ ಮೂರನ್ನೂ ಜೋಡಿಸಿಕೊಳ್ಳತಕ್ಕ ಸ್ಥಳ ಅದೊಂದೇ. ಕರಡಿಗಳ ಭಯದಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಮಧ್ಯಾಹ್ನದ ಹೊತ್ತಿಗೆ ಕುಟುಂಬಗಳು ಬಂದು ಹಾಯಿಗಡದ ಬಳಿ ಗಾಡಿ ನಿಲ್ಲಿಸಿ ಬುತ್ತಿಯನ್ನು ಬಿಚ್ಚುತ್ತವೆ. ಮಕ್ಕಳು ನೀರಿಗೆ ಕಲ್ಲೆಸೆಯುತ್ತವೆ. ಉಂಡಾದ ಮೇಲೆ ದೊಡ್ಡವರು ಮೇಜನ್ನು ಒರಸಿ, ಎಂಜಲನ್ನು ಕರಡಿಯಿಂದ ತೆರೆಯಲಾಗದ ಪೆಟ್ಟಿಗೆಯಲ್ಲಿ ಹಾಕಿ, ಕತ್ತಲಾಗುವುದರೊಳಗೆ ಬಿಡಾರವನ್ನು ಸೇರಬೇಕೆಂದು ಮಕ್ಕಳನ್ನು ಕೂಗುತ್ತಾರೆ.